ಕೀವ್‌ನಿಂದ ವಿಯೆನ್ನಾಕ್ಕೆ ಎರಡು ಗಂಟೆ

ನಾನು ರೈಲಿನಲ್ಲಿ ಪರಿಚಾರಕಿ. ಮಿರೊಸ್ಲಾವಾ ನನ್ನ ಬೋಗಿಗೆ ಜೊತೆಗಾತಿಯಾಗಿ ಬಂದಾಗ ಅವಳಿಗೆ ಬೋಗಿ ಬೆಚ್ಚಗಿಡುವ ಕಲ್ಲಿದ್ದಲಿನ ಒಲೆ ಹೊತ್ತಿಸಲೂ ಬರುತ್ತಿರಲಿಲ್ಲ. ಯುದ್ಧ ಶುರುವಾಗಿ ನಮ್ಮ ಆಕಾಶ ಮುಚ್ಚುವ ತನಕ ಅವಳು ಗಗನಸಖಿ. ಹೆಚ್ಚಾಗಿ ಕೀವ್-ವಿಯೆನ್ನಾ ಮಾರ್ಗ. ಸಾವಿರ ಚಿಲ್ಲರೆ ಕಿಲೋಮೀಟರ್, ಎರಡು ಗಂಟೆಯ ಹಾರಾಟ. ವಿಮಾನಗಳು ನಿಂತ ಮೇಲೆ ಹೊಟ್ಟೆಪಾಡಿಗೆ ರೈಲು ಸೇರಿದಳು. ಅದೇ ಊರುಗಳ ನಡುವೆ ರೈಲಿಗೆ ಒಂದು ಹಗಲು, ಒಂದು ರಾತ್ರಿ ಬೇಕು.

"ಕ್ಲಾವಕ್ಕಾ, ಆಗೆಲ್ಲ ವಿಯೆನ್ನಾದಲ್ಲಿ ಕಾಫಿ ಕುಡ್ದು ಸಾಯಂಕಾಲಕ್ಕೆ ಮನೇಲಿ ಬೋರ್ಷ್ ಸಾರು ಕುದಿಸ್ತಿದ್ದೆ, ಗೊತ್ತಾ?" ಅನ್ನುತ್ತಿದ್ದಳು.

"ಸರಿ ಮಹಾರಾಣಿ, ಈಗ ಆ ಒಲೆಯ ಬೂದಿ ತೆಗಿ," ಅನ್ನುತ್ತಿದ್ದೆ.

ನಗುತ್ತಿದ್ದಳು. ಕೆಲಸ ಬೇಗ ಕಲಿತಳು.

ಅವಳ ಗಂಡ ಓಸ್ತಾಪ್ ಟ್ರಾಮ್ ಓಡಿಸುತ್ತಿದ್ದವನು. ಸೈನ್ಯಕ್ಕೆ ಹೋದ ಎರಡನೇ ಚಳಿಗಾಲದಲ್ಲಿ ಟ್ಯಾಂಕಿನೊಳಗೆ ಬೆಂಕಿಗೆ ಸಿಕ್ಕಿ ಮೈಯೆಲ್ಲ ಸುಟ್ಟುಕೊಂಡ. ಬೇರೆ ಗಾಯಾಳುಗಳ ಜೊತೆ ಅವನನ್ನೂ ವಿಯೆನ್ನಾದ ಆಸ್ಪತ್ರೆಗೆ ಕಳಿಸಿದರು. ಪೋಲೆಂಡ್‌ವರೆಗೆ ರೈಲು, ಅಲ್ಲಿಂದ ವಿಮಾನ. ನಮ್ಮ ರೈಲು ವಿಯೆನ್ನಾದಲ್ಲಿ ನಿಂತಷ್ಟು ಹೊತ್ತು ಮಿರೊಸ್ಲಾವಾ ಅವನ ಹಾಸಿಗೆಯ ಪಕ್ಕ ಇರುತ್ತಿದ್ದಳು.

ಅವಳಿಗೆ ರಜೆ ಇದ್ದ ದಿನವೇ ಆಸ್ಪತ್ರೆಯಿಂದ ಫೋನು ಬಂತು. ರಕ್ತಕ್ಕೆ ನಂಜೇರಿದೆ, ಕೂಡಲೇ ಹೊರಡಿ ಅಂದರಂತೆ. ನಮ್ಮ ರೈಲು ಬಿಡುವ ಹೊತ್ತಿಗೆ ಮನೆಯ ಚಪ್ಪಲಿಯಲ್ಲೇ ಓಡಿಬಂದಳು. ಸೀಟುಗಳೆಲ್ಲ ಭರ್ತಿಯಾಗಿದ್ದವು. ನನ್ನ ಕೋಣೆಯಲ್ಲೇ ಕೂರಿಸಿಕೊಂಡೆ.

ಮರುದಿನ ಬೆಳಿಗ್ಗೆ ಗಡಿಯ ಚೋಪ್ ನಿಲ್ದಾಣ ತಲುಪಿದೆವು. ನಮ್ಮ ಹಳಿ ಅಗಲ, ಆಚೆಯದು ಕಿರಿದು. ಬೋಗಿಗಳನ್ನು ಎತ್ತಿ ಗಾಲಿ ಬದಲಿಸಬೇಕು. ಬೋಗಿ ಮೇಲಕ್ಕೆತ್ತಿದ್ದರು, ಅಷ್ಟರಲ್ಲಿ ವಾಯುದಾಳಿಯ ಸೈರನ್ ಕೂಗಿತು. ಕೆಲಸಗಾರರು ನೆಲಮಾಳಿಗೆಗೆ ಇಳಿದರು. ನಾವು ಗಾಲಿಯಿಲ್ಲದೆ ಗಾಳಿಯಲ್ಲೇ ಉಳಿದೆವು.

ಮೊಮ್ಮಕ್ಕಳನ್ನು ನೋಡಲು ಹೊರಟಿದ್ದ ಮುದುಕಿಯೊಬ್ಬಳು ಗೊಣಗಿದಳು: "ಏನ್ ಕರ್ಮಾನೋ! ವಿಮಾನ ಇದ್ದಿದ್ರೆ ಇಷ್ಟೊತ್ತಿಗೆ ಹೋಗಿ, ಉಂಡು, ವಾಪಸ್ಸೇ ಬರ್ಬೋದಿತ್ತು."

"ಸುಮ್ನಿರಿ ತಾಯಿ," ಎಂದು ಗದರಿದೆ.

"ಅವ್ರು ಹೇಳೋದು ನಿಜಾನೇ ಅಲ್ವಾ ಅಕ್ಕಾ," ಅಂದಳು ಮಿರೊಸ್ಲಾವಾ. ಅವಳ ಕೈಯಲ್ಲಿದ್ದ ಚಹಾ ಆರಿಹೋಗಿತ್ತು.

ಸೈರನ್ ನಿಲ್ಲುವ ಮೊದಲೇ ಅವಳ ಫೋನು ಹೊಡೆದುಕೊಂಡಿತು. ಕೇಳಿಸಿಕೊಂಡಳು. "ಕೊನೇಲಿ ಅವನ ಜೊತೆ ಯಾರಾದ್ರೂ ಇದ್ರಾ?" ಎಂದಷ್ಟೇ ಕೇಳಿದಳು. ಫೋನಿಟ್ಟು ನನ್ನ ಹೆಗಲಿಗೆ ಹಣೆ ಆನಿಸಿದಳು. ಅಳಲಿಲ್ಲ. ಅತ್ತದ್ದು ನಾನು.

"ವಾಪಸ್ ಹೋಗ್ತೀಯೇನೇ? ಇಲ್ಲಿಂದ್ಲೇ ರೈಲು ಸಿಗುತ್ತೆ."

"ಇಲ್ಲ ಅಕ್ಕಾ. ಅವನನ್ನ ಕರ್ಕೊಂಡ್ ಬರ್ಬೇಕು."

ವಿಯೆನ್ನಾದಲ್ಲಿ ಅವಳನ್ನು ಇಳಿಸಿ, ಡ್ಯೂಟಿಯ ಮೇಲೆ ನಾನು ಹಿಂದಿರುಗಬೇಕಾಯಿತು. ಅವಳು ಶವಪೆಟ್ಟಿಗೆಯ ವ್ಯಾನಿನಲ್ಲಿ, ಚಾಲಕನ ಪಕ್ಕ ಕೂತು, ಸ್ಲೊವಾಕಿಯಾದ ಬೆಟ್ಟಗಳ ದಾರಿಯಲ್ಲಿ ಬಂದಳು. ದಾರಿಯುದ್ದಕ್ಕೂ ಒಂದೇ ಸಲ ಬಾಯಿ ಬಿಟ್ಟಳು ಎಂದು ಆ ಚಾಲಕ ಆಮೇಲೆ ಹೇಳಿದ. ಗಡಿ ದಾಟಿ ನಮ್ಮ ಗುಂಡಿ ಬಿದ್ದ ರಸ್ತೆ ಶುರುವಾದಾಗ, "ಮೆಲ್ಲಗೆ ಓಡ್ಸಣ್ಣಾ, ಸುಟ್ಟ ಮೈ ಅವನದು," ಅಂದಳಂತೆ.

ಬೀಲಾ ತ್ಸೆರ್ಕ್ವಾದಲ್ಲಿ, ಅವನ ಊರಲ್ಲಿ, ಮಣ್ಣು ಮಾಡಿದರು. ವ್ಯಾನು ಹಾದುಹೋಗುವಾಗ ಜನ ರಸ್ತೆಬದಿಯ ಕೆಸರಿನಲ್ಲೇ ಮಂಡಿಯೂರಿದ್ದರು.

ಅವಳು ಮತ್ತೆ ನನ್ನ ಬೋಗಿಗೆ ಬರಲಿಲ್ಲ. ನಮ್ಮ ದೇಶದೊಳಗೇ, ಯುದ್ಧದ ಅಂಚಿಗೆ ಓಡುವ ಹಾರ್ಕಿವ್ ರೈಲು ಕೇಳಿ ಹಾಕಿಸಿಕೊಂಡಳು.

"ಅಲ್ಲಿ ದಿನಾ ಬಾಂಬ್ ಬೀಳುತ್ತೆ ಕಣೆ, ತಲೆ ಕೆಟ್ಟಿದೆಯಾ ನಿಂಗೆ?" ಅಂದೆ.

"ಅಲ್ಲಿ ಗಡೀಲಿ ಕಾಯೋದಿಲ್ವಲ್ಲ, ಕ್ಲಾವಕ್ಕಾ," ಅಂದಳು.