ಕುರಿ ತರುಬಿ ನೋಡಿದ ಟಿವಿ

ಆ ಟಿವಿಯ ನೆತ್ತಿ ನನಗೆ ಚೆನ್ನಾಗಿ ನೆನಪಿದೆ. ಮೇಲೆ ಕ್ರೋಶಾದಲ್ಲಿ ಹೆಣೆದ ಬಿಳಿ ಬಟ್ಟೆ, ಬಟ್ಟೆಯ ಮೇಲೊಂದು ಹಿತ್ತಾಳೆ ಹೂದಾನಿ, ಅದರೊಳಗೆ ಧೂಳು ಹಿಡಿದ ಪ್ಲಾಸ್ಟಿಕ್ ಗುಲಾಬಿ. ಪರದೆಗೆ ಎರಡು ಕಡೆಯಿಂದ ಎಳೆಯುವ ಮರದ ಬಾಗಿಲಿತ್ತು. ನೋಡುವುದು ಮುಗಿದ ಮೇಲೆ ಪಟೇಲರ ಮನೆಯ ಅವ್ವಾರು ಬಾಗಿಲೆಳೆದು ಬೀಗ ಹಾಕುತ್ತಿದ್ದರು. ಅವರ ಮನೆಯ ದೇವರ ಗೂಡಿಗೂ ಇಲ್ಲದ ಬೀಗ ಟಿವಿಗಿತ್ತು.

ಇಷ್ಟೆಲ್ಲ ನೆನಪಿರುವ ನನಗೆ, ನಾನು ಎಲ್ಲಿ ಕೂತು ಅದನ್ನು ನೋಡುತ್ತಿದ್ದೆ ಎಂಬುದು ಮಾತ್ರ ಈಗ ನೆನಪಿಲ್ಲ. ಹೋದ ತಿಂಗಳವರೆಗೂ ನೆನಪಿತ್ತು. ಅವರ ಮನೆಯ ಒಳಗೆ, ಚಾಪೆಯ ಮೇಲೆ, ಎಲ್ಲರಿಗಿಂತ ಮುಂದೆ ಕೂತಿದ್ದೆ ಎಂದು ಯಾರು ಕೇಳಿದರೂ ಹೇಳುತ್ತಿದ್ದೆ. ಜಹೀರಾಬಾದಿನಲ್ಲಿ ನನ್ನ ಮಕ್ಕಳಿಗೂ ಹಾಗೇ ಹೇಳಿ ದೊಡ್ಡಸ್ತಿಕೆ ಕೊಚ್ಚಿಕೊಂಡಿದ್ದೆ.

ನಮ್ಮ ತವರು ನಾರಾಯಣಖೇಡದ ಆಚೆ, ಮನೂರಿನ ಕಡೆ. ತಲೆತಲಾಂತರದಿಂದ ಕುರಿ ಸಾಕುವ ಮನೆ. ನಮ್ಮ ಕಡೆ ರೈತರು ಬಿತ್ತನೆಗೆ ಮೊದಲು ಹೊಲದಲ್ಲಿ ಕುರಿ ತರುಬಿಸುತ್ತಾರೆ. ಅಂದರೆ ಇಡೀ ಹಿಂಡನ್ನು ರಾತ್ರಿ ಅವರ ಹೊಲದಲ್ಲೇ ಬಲೆ ಕಟ್ಟಿ ನಿಲ್ಲಿಸುವುದು. ಕುರಿಯ ಹಿಕ್ಕೆ, ಉಚ್ಚೆ ಬಿದ್ದ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಅದಕ್ಕೆ ಪ್ರತಿಯಾಗಿ ಕುರಿಯವನಿಗೆ ಜೋಳ ಅಳೆದು ಕೊಡುತ್ತಾರೆ.

ಊರಿಗೆ ಮೊದಲ ಟಿವಿ ಪಟೇಲರ ಮನೆಗೆ ಬಂತು. ಆ ವರ್ಷ ಅವರ ಹೊಲದಲ್ಲಿ ಕುರಿ ತರುಬಿದ ಅಪ್ಪ ಜೋಳ ಬೇಡ ಅಂದನಂತೆ. ಭಾನುವಾರ ಬೆಳಿಗ್ಗೆ ನನ್ನ ಮಕ್ಕಳಿಬ್ಬರು ಟಿವಿ ನೋಡಬೇಕು, ವರ್ಷಪೂರ್ತಿ, ಅಷ್ಟೇ ಸಾಕು ಅಂದನಂತೆ. ಹುಲ್ಲಿನ ಇಬ್ಬನಿ ಆರುವವರೆಗೆ ಕುರಿ ಬಿಡುವಂತಿಲ್ಲವಾದ್ದರಿಂದ ಆ ಹೊತ್ತಿಗೆ ಅಪ್ಪನಿಗೂ ಬಿಡುವಿತ್ತು. ಊರು ನಕ್ಕಿತು. ಅವ್ವ ನಗಲಿಲ್ಲ.

"ಜೋಳ ಬಿಟ್ಟು ಪೆಟ್ಟಿಗಿ ಕೇಳ್ಯಾನ. ಪೆಟ್ಟಿಗಿ ಬೀಸಿ ರೊಟ್ಟಿ ಬಡೀಲೇನು?" ಎಂದು ಬೀಸುವ ಕಲ್ಲಿನ ಮುಂದೆ ಕೂತು ಗೊಣಗಿದ್ದಳು. ಇದು ನನಗೆ ನೆನಪಿದೆ. ನೆನಪಿದೆ ಅಂದುಕೊಂಡಿದ್ದೇನೆ. ಅವ್ವ ಈ ಮಾತನ್ನು ಸಾಯುವವರೆಗೂ ಹೇಳುತ್ತಿದ್ದಳಾದ್ದರಿಂದ, ಅಂದು ಕೇಳಿದ್ದೋ ಆಮೇಲೆ ಕೇಳಿದ್ದೋ ಎಂದು ಈಗ ಯಾರಾದರೂ ಗದರಿಸಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ.

ಟಿವಿಯೊಳಗಿನದಂತೂ ಇನ್ನೂ ಕಲಸುಮೇಲೋಗರ. ಮಾಳಿಗೆಯ ಮೇಲಿನ ಆಂಟೆನಾ ಹೈದರಾಬಾದಿನ ಕಡೆ ತಿರುಗಿದರೆ ತೆಲುಗು, ಕಲಬುರಗಿಯ ಕಡೆ ತಿರುಗಿದರೆ ಯಾವಾಗಲೋ ಒಮ್ಮೆ ಕನ್ನಡ. ಗಾಳಿ ತಿರುಗಿಸಿದರೆ ಹಿಟ್ಟು ಜರಡಿ ಹಿಡಿದ ಸದ್ದು. ಭಾನುವಾರ ಬೆಳಿಗ್ಗೆ ಹಿಂದಿ. ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಕೇಳುತ್ತಿದ್ದ ನನಗೆ ಯಾವ ದೇವರು ಯಾವ ಭಾಷೆಯಲ್ಲಿ ಮಾತಾಡಿದ ಎಂಬ ಲೆಕ್ಕವೇ ಸಿಗಲಿಲ್ಲ. ಸೋಪಿನ ಜಾಹೀರಾತಿನ ಹುಡುಗಿಯ ನಗು ಮಾತ್ರ ಮೂರೂ ಭಾಷೆಯಲ್ಲಿ ಅರ್ಥವಾಗುತ್ತಿತ್ತು.

ಹೋದ ತಿಂಗಳು ತವರಿಗೆ ಹೋದಾಗ ಮನೆಯಲ್ಲಿ ಜಗಳ ಹತ್ತಿತ್ತು. ಅಪ್ಪ ಈಗ ಹಿಂಡಿನ ಹಿಂದೆ ಹೋಗುವುದಿಲ್ಲ. ಹಿಂಡು ಅಣ್ಣನದು, ಬಾಯಿ ಮಾತ್ರ ಇನ್ನೂ ಅಪ್ಪನದೇ. ಹಿಂದಿನ ದಿನ ಪಟೇಲರ ಮಗ ಬಂದು, ಚೀಲದ ಗೊಬ್ಬರ ಹಾಕಿ ಹಾಕಿ ಹೊಲ ಸತ್ತಿದೆ, ಈ ಸಲ ತೊಗರಿ ಹೊಲದಲ್ಲಿ ಕುರಿ ತರುಬಿ ಎಂದು ಕೇಳಿದ್ದರು. ಅಪ್ಪ ಹೂಂ ಅಂದಿದ್ದ. ಅಣ್ಣ ಒಲ್ಲೆ ಅಂದ.

"ಜಬಾನ್ ಕೊಟ್ಟೀನಿ. ಈಗ ನನ್ನ ಮಾರಿ ಎಲ್ಲಿ ಇಡಬೇಕು?" ಎಂದ ಅಪ್ಪ.

"ಕೊಟ್ಟಾವ ನೀನು. ಕುರಿ ನನ್ನವು," ಅಂದ ಅಣ್ಣ. "ಆ ಮನಿಯಾಗ ನಮ್ಮನ್ನ ಕಿಟಕಿ ಹೊರಗ ನಿಲ್ಲಸ್ಯಾರ. ಒಂದು ವರ್ಷದ ಜೋಳ ನುಂಗಿ ಒಳಗ ಸುದ್ದಾ ಕರೀಲಿಲ್ಲ. ಮತ್ತ ಅವ್ರ ಹೊಲಕ್ಕ ನನ್ನ ಕುರಿ ಹೋಗ್ತಾವೇನು?"

ನಾನು ಚಹಾ ಕುಡಿಯುತ್ತಿದ್ದವಳು ಬಾಯಿ ಹಾಕಿದೆ. "ಕಿಟಕಿ ಹೊರಗಲ್ಲ ಅಣ್ಣಾ, ಒಳಗ. ನಾ ಚಾಪಿ ಮ್ಯಾಲೆ ಕುಂತಿದ್ದೆ."

ಅಣ್ಣ ನನ್ನನ್ನು ನೋಡಿದ ರೀತಿ ನೋಡಬೇಕಿತ್ತು. ಅಷ್ಟು ವರ್ಷ ನುಂಗಿಕೊಂಡಿದ್ದ ಅವಮಾನವನ್ನು ಒಡಹುಟ್ಟಿದವಳೇ ಸುಳ್ಳು ಅಂದರೆ ಯಾರಿಗೆ ತಡೆದೀತು? ಕಿಟಕಿಯ ಸರಳು ತುಕ್ಕು ಹಿಡಿದು ಕೆನ್ನೆಗೆ ಬಣ್ಣ ಅಂಟುತ್ತಿದ್ದುದನ್ನು ಹೇಳಿದ. ಕಾಲ ಕೆಳಗೆ ಕಲ್ಲು ಇಟ್ಟುಕೊಂಡು ನಿಲ್ಲುತ್ತಿದ್ದುದನ್ನು ಹೇಳಿದ. ನಾನು ಸುಮ್ಮನಿರದೆ ಟಿವಿಯ ನೆತ್ತಿಯ ಕಥೆ ತೆಗೆದೆ. ಬಟ್ಟೆ, ಹೂದಾನಿ, ಗುಲಾಬಿ, ಧೂಳು. ಒಳಗೆ ಹೋಗದೆ ಇದೆಲ್ಲ ಹೇಗೆ ಕಂಡೀತು ಎಂದು ಕೇಳಿದೆ.

"ನೆಲದ ಮ್ಯಾಲೆ ಕುಂತ ಕೂಸಿಗೆ ಮೇಜಿನ ಮ್ಯಾಲಿನ ಟಿವಿ ನೆತ್ತಿ ಕಾಣ್ತದೇನು?" ಅಂದ ಅಣ್ಣ.

ಚಹಾ ಆರಿಹೋಯಿತು. ಅಪ್ಪನ ಕಡೆ ನೋಡಿದರೆ ಅವನು ನಮ್ಮಿಬ್ಬರ ಮೇಲೂ ಮುನಿಸಿಕೊಂಡು, ಮಗ ತನ್ನನ್ನು ಮೋಸ ಹೋದ ಪೆದ್ದನೆಂದು ತಿಳಿದಿದ್ದಾನೆಂದು, ಕಂಬಳಿ ಹೆಗಲಿಗೆ ಹಾಕಿ ಹೊರಗೆ ಹೋಗಿಬಿಟ್ಟ.

ಮರುದಿನ ನಾನು ಅಣ್ಣನನ್ನು ಎಳೆದುಕೊಂಡು ಪಟೇಲರ ಮನೆಗೆ ಹೋದೆ. ಕಿಟಕಿ ಅದೇ ಇದೆ, ಗೋಡೆಯ ಗಿಲಾವು ಮಾತ್ರ ಅಲ್ಲಲ್ಲಿ ಉದುರಿ ಇಟ್ಟಿಗೆ ಕಾಣುತ್ತಿದೆ. ಕಿಟಕಿಯ ಕಟ್ಟೆ ಈಗ ನನ್ನ ಎದೆಮಟ್ಟಕ್ಕೆ ಬರುತ್ತದೆ. ಆಗ ಅದು ನನಗೆ ಎಷ್ಟು ಎತ್ತರವಿದ್ದೀತು! ಕಲ್ಲಿನ ಮೇಲೆ ನಿಂತರೂ ನನ್ನ ಕಣ್ಣಿಗೆ ನಿಲುಕುತ್ತಿರಲಿಲ್ಲ. ಹಾಗಾದರೆ ನಾನು ಒಳಗೇ ಇದ್ದೆ. ಆದರೆ ಒಳಗೆ ಕೂತಿದ್ದರೆ ಟಿವಿಯ ನೆತ್ತಿ ಕಾಣುವುದಿಲ್ಲ. ಹಾಗಾದರೆ ನಾನು ಎಲ್ಲೂ ಇರಲಿಲ್ಲವೇ? ಅಲ್ಲಿ ನಿಂತು ನನಗೆ ನನ್ನ ಮೇಲೇ ಸಿಟ್ಟು ಬಂತು. ಬಾಲ್ಯದಲ್ಲಿ ಇದೊಂದಾದರೂ ಗಟ್ಟಿಯಾಗಿ ನನ್ನದು ಅಂದುಕೊಂಡಿದ್ದೆ.

ಅವ್ವಾರು ಈಗ ತುಂಬ ವಯಸ್ಸಾಗಿ ಮಂಚದ ಮೇಲೆ ಕೂತಿದ್ದರು. ಅಣ್ಣ ಹೊಸ್ತಿಲ ಆಚೆಯೇ ನಿಂತ. ನಾನು ಒಳಗೆ ಹೋಗಿ, ಅಂಜುತ್ತಲೇ ಕೇಳಿದೆ. "ಅವ್ವಾರ, ಆವಾಗ ನಮ್ಮನ್ನ ಒಳಗ ಕೂಡಸ್ತಿದ್ರೇನ್ರಿ, ಹೊರಗೇನ್ರಿ?"

"ಹೊರಗ," ಅಂದರು ಅವರು, ತಡವರಿಸದೆ. ಅಣ್ಣ ನನ್ನನ್ನು ನೋಡಿದ. ಅಷ್ಟರಲ್ಲಿ ಅವರೇ ಮುಂದುವರಿಸಿದರು. "ನಾ ಕರದೀನಿ ಯವ್ವಾ, ಒಳಗ ಬರ್ರಿ ಅಂತ ಭಾಳ ಕರದೀನಿ. ನಿಮ್ಮಪ್ಪ ಬಿಡ್ಲಿಲ್ಲ. ಯಾಕ ಅಂತ ಅವನ್ನೇ ಕೇಳು."

ವಯಸ್ಸಾದವರು ತಮ್ಮ ಮನೆಯ ಮರ್ಯಾದೆ ಉಳಿಸಿಕೊಳ್ಳಲು ಹೇಳಿದ ಮಾತೋ, ನಿಜವೋ ನನಗೆ ತಿಳಿಯಲಿಲ್ಲ. ಅಣ್ಣ ದಾರಿಯುದ್ದಕ್ಕೂ ಅದು ಸುಳ್ಳೇ ಎಂದ.

ಅಪ್ಪ ದೊಡ್ಡಿಯ ಬಾಯಲ್ಲಿ ಕೂತು ಮರಿಯೊಂದರ ಕಾಲಿನ ಮುಳ್ಳು ತೆಗೆಯುತ್ತಿದ್ದ. ನಾನು ಕೇಳಿದೆ. ಅವನು ಮುಳ್ಳು ತೆಗೆದು, ಮರಿಯನ್ನು ಬಿಟ್ಟು, ಆಮೇಲೆ ಹೇಳಿದ.

"ಖರೇ ಅದ. ನಾನೇ ಬಿಟ್ಟಿಲ್ಲ. ಒಳಗ ಹೋದ ಕೂಸಿಗೆ ನೀರು ತಾ ಅಂತಾರ, ಕಸ ಹೊಡಿ ಅಂತಾರ, ಸಣ್ಣ ಕೂಸು ಅತ್ರ ಹೊತ್ಕೋ ಅಂತಾರ. ಮಂದಿ ಮಕ್ಕಳು ಹಂಗೇ ಟಿವಿ ನೋಡ್ತಿದ್ರು, ನಾ ನೋಡೀನಿ. ಹೊರಗ ನಿಂತಾವ್ರಿಗೆ ಯಾರೂ ಕೆಲಸ ಹೇಳಲ್ಲ. ನಾ ಕುರಿ ತರುಬಿದ್ದು ನೀವು ನೋಡಾಕ, ದುಡ್ಯಾಕಲ್ಲ."

ಅಣ್ಣನ ಮುಖದಲ್ಲಿ ಸಿಟ್ಟಿತ್ತೋ ನಾಚಿಕೆಯೋ ನನಗೆ ಗೊತ್ತಾಗಲಿಲ್ಲ. "ಅವತ್ತೇ ಯಾಕ ಹೇಳ್ಲಿಲ್ಲ?" ಎಂದ.

"ನೀ ಕೇಳಿದೇನು? ಮಾರಿ ಉಬ್ಬಿಸ್ಕೊಂಡು ತಿರಗಾಡ್ದಿ. ನಾ ಹಸಿವಿಗಂತ ತಿಳದೆ."

ಅಣ್ಣ ದೊಡ್ಡಿಯೊಳಗೆ ಹೋಗಿ ಬಲೆಗಳನ್ನು ಒಂದೊಂದಾಗಿ ಎಳೆದು ಹರಿದಿವೆಯೇ ನೋಡತೊಡಗಿದ. ಪಟೇಲರ ಹೊಲಕ್ಕೆ ಯಾವಾಗ ಹೋಗಬೇಕೆಂದು ಅಪ್ಪನನ್ನು ಕೇಳಿದ, ಅತ್ತ ಮುಖ ಮಾಡಿಯೇ. ಹುಣ್ಣಿಮೆ ಕಳೆದ ಮೇಲೆ ಅಂದ ಅಪ್ಪ.

ಅವರ ಜಗಳವೇನೋ ಮುಗಿಯಿತು. ನನ್ನದು ಮುಗಿದಿರಲಿಲ್ಲ. ಕಿಟಕಿಯ ಕಟ್ಟೆ ಅಷ್ಟು ಎತ್ತರ, ನಾನು ಅಷ್ಟು ಗಿಡ್ಡ. ಮತ್ತೆ ಆ ಧೂಳು ಹಿಡಿದ ಗುಲಾಬಿಯನ್ನು ನನಗೆ ತೋರಿಸಿದವರು ಯಾರು ಎಂದು ಅಪ್ಪನನ್ನು ಕೇಳಿದೆ.

"ನೀ ನನ್ನ ಹೆಗಲ ಮ್ಯಾಲೆ ಕುಂದರ್ತಿದ್ದಿ," ಅಂದ ಅವನು, ಇದನ್ನೂ ಕೇಳಬೇಕೇ ಎನ್ನುವಂತೆ. "ನಿಮ್ಮಣ್ಣ ಕಿಟಕಿಗೆ ಮಾರಿ ಹಚ್ಚಿದ್ರ ಹೊಳ್ಳಿ ಸುದ್ದಾ ನೋಡ್ತಿದ್ದಿಲ್ಲ. ನಾ ಬಾಜೂಕ ಗೋಡಿಗೆ ಆತು ನಿಂತ್ರ, ನೀ ಬಾಗಿ ಸರಳಿನ ಮ್ಯಾಲಿನ ಸಂದಿನಾಗಿಂದ ಎಲ್ಲಾ ನೋಡ್ತಿದ್ದಿ. ಮುಗಿಯೋ ಮಟ ಇಳೀತಿದ್ದಿಲ್ಲ."

ನಾನು ನೆನಪಿಸಿಕೊಳ್ಳಲು ನೋಡಿದೆ. ಕಣ್ಣು ಮುಚ್ಚಿ ನೋಡಿದೆ. ಸೋಪಿನ ಹುಡುಗಿ ಬಂದಳು, ಹೂದಾನಿ ಬಂತು, ಮರದ ಬಾಗಿಲು ಬಂತು, ಇಲ್ಲದ ಚಾಪೆ ಕೂಡ ಬಂತು. ಹೆಗಲು ಬರಲಿಲ್ಲ. ಕಂಬಳಿಯ ಚುಚ್ಚು ಬರಲಿಲ್ಲ, ಹಿಡಿದುಕೊಂಡಿರಬೇಕಾದ ರುಮಾಲು ಬರಲಿಲ್ಲ. ಅಷ್ಟು ಭಾನುವಾರ ಹೊತ್ತು ನಿಂತವನನ್ನು ಬಿಟ್ಟು ಉಳಿದೆಲ್ಲ ನನಗೆ ನೆನಪಿತ್ತು. ನನಗೆ ಅಳು ಬಂತು, ತೋರಿಸಿಕೊಳ್ಳಲಿಲ್ಲ.

"ನಾ ಹೆಗಲ ಮ್ಯಾಲೆ ಕುಂತ್ರ, ನಿನಗೇನು ಕಾಣ್ತಿತ್ತಪ್ಪಾ?" ಎಂದು ಕೇಳಿದೆ.

"ಗೋಡಿ," ಅಂದ ಅಪ್ಪ. "ಛಲೋ ಗಿಲಾವ್ ಮಾಡಿದ್ರು."