ಹೊಂಗೆ ಕಟ್ಟೆ, ಹಳದಿ ಗೆರೆ

ನಮ್ಮವ್ವ ಸೈಕಲ್ ಕಲಿಯೋದು ಈ ಜನ್ಮದಲ್ಲಿ ಆಗದ ಮಾತು ಅಂದವಳು ನಮ್ಮತ್ತೆ, ಅಪ್ಪನ ಅಕ್ಕ. ಅವಳ ಗಂಡನ ಮನೆ ಎಚ್.ಡಿ. ಕೋಟೆ ಕಡೆ. ಅಲ್ಲಿ ತನ್ನವರು ಅಂತ ಯಾರೂ ಉಳಿಯದ ಮೇಲೆ ನಮ್ಮ ಪಕ್ಕದ ಮನೆಗೆ ಬಂದು ನೆಲೆಸಿದ್ದಳು. ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದ ಹೆಂಗಸರ ಮುಂದೆಯೇ ಅಂದಳು.

"ಬಸ್ಸು ಹುಣಸೂರು ಮುಟ್ಟೋದ್ರೊಳಗೆ ವಾಂತಿ ಮಾಡ್ಕೊಳೋಳು ಇವ್ಳು. ಸೈಕಲ್ ಒಡೀತಾಳಂತೆ, ಕೇಳಿದ್ರಾ?"

ಅವ್ವ ಬಿಂದಿಗೆಯ ಕಂಠ ಉಜ್ಜುತ್ತಾ, "ಸೈಕಲ್ಲಲ್ಲಿ ಡೀಸಲ್ ವಾಸ್ನೆ ಬರಾಕಿಲ್ಲ ಕಣತ್ಗೆ" ಅಂದಳು.

ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇದೆಲ್ಲ ಶುರುವಾದದ್ದು ಪುರಸಭೆಯ ಕಸದ ಆಟೋದಿಂದ. ನಮ್ಮದು ಹೊಗೆಸೊಪ್ಪು ಬೆಳೆಯುವ ಸೀಮೆಯ ಒಂದು ಸಣ್ಣ ಊರು. ದಿನಾ ಕಸದ ಹಾಡು ಹಾಕಿಕೊಂಡು ಬರುವ ಆಟೋ ಅವತ್ತು ಬೇರೆ ಏನೋ ಕೂಗಿಕೊಂಡು ಬಂತು. ಬಸ್ ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ರಸ್ತೆ ಬದಿಯಲ್ಲಿ ಸೈಕಲ್ ದಾರಿ ಆಗುತ್ತದೆ, ಸೈಕಲ್ ನಿಲ್ಲಿಸಲು ಅಲ್ಲಲ್ಲಿ ಕಂಬಿ ಹಾಕಿಸುತ್ತಾರೆ, ಉದ್ಘಾಟನೆಯ ದಿನ ಹೆಂಗಸರ ಸೈಕಲ್ ಜಾಥಾ ಇರುತ್ತದೆ, ಹೆಸರು ಕೊಟ್ಟವರಿಗೆ ಟೋಪಿ, ಜಾಥಾ ಮುಗಿಸಿದವರಿಗೆ ಪ್ರಮಾಣಪತ್ರ. ಆಮೇಲೆ ಅದೇ ಗಂಟಲಿನಲ್ಲಿ, ಪುರಸಭೆಯ ಮೈದಾನ, ಸಮುದಾಯ ಭವನ, ಪಾರ್ಕಿನ ಮುಂದಿನ ಖಾಲಿ ಜಾಗ ಇನ್ನು ಮೇಲೆ ಬಾಡಿಗೆಗೆ ದೊರೆಯುತ್ತವೆ, ಬೇಕಾದವರು ಕಚೇರಿಗೆ ಬನ್ನಿ ಅಂತಲೂ ಕೂಗಿತು. ಆ ಕೊನೆಯ ಮಾತನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವ್ವ ಗಟ್ಟಿಯಾಗಿ ಹಿಡಿದುಕೊಂಡದ್ದು ಒಂದನ್ನೇ. ಪ್ರಮಾಣಪತ್ರ.

ಅದಕ್ಕೆ ಕಾರಣ ನಾನು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ, ಸುಮ್ಮನೆ ಬಂದದ್ದಲ್ಲ ಅದು. ಅಪ್ಪ ನಾನು ಏಳನೇ ಕ್ಲಾಸಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಅವ್ವ ಬ್ಯಾರನ್ನುಗಳಲ್ಲಿ, ಅಂದರೆ ಹೊಗೆಸೊಪ್ಪು ಬೇಯಿಸುವ ಮನೆಗಳಲ್ಲಿ, ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು. ನಾನೂ ಬೆಳಿಗ್ಗೆ ಅವಳ ಜೊತೆ ಕೂತು ಕಟ್ಟಿ, ಅಲ್ಲಿಂದಲೇ ಕಾಲೇಜಿನ ಬಸ್ಸು ಹತ್ತುತ್ತಿದ್ದೆ. ನನ್ನ ಮೈ ವಾಸನೆಗೆ ಪಕ್ಕದವರು ಕಿಟಕಿ ತೆಗೆಯುತ್ತಿದ್ದರು. ಇಂಗ್ಲಿಷಿನಲ್ಲಿ ಫೇಲಾದೆ, ಮತ್ತೆ ಪರೀಕ್ಷೆ ಕಟ್ಟಿ ಪಾಸು ಮಾಡಿದೆ. ಕೊನೆಗೆ ಡಿಗ್ರಿ ಸರ್ಟಿಫಿಕೇಟು ಮನೆಗೆ ತಂದ ದಿನ ಅವ್ವ ಸೋಪು ಹಾಕಿ ಕೈ ತೊಳೆದಳು, ಆಮೇಲೆ ಹುಣಸೆಹಣ್ಣು ಹಾಕಿ ಉಜ್ಜಿದಳು. ಸೊಪ್ಪಿನ ಅಂಟು ಕಪ್ಪಗೆ ಹಾಗೇ ಇತ್ತು. ಸರ್ಟಿಫಿಕೇಟನ್ನು ಸೆರಗಿನಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು.

"ನನ್ನತ್ರ ರೇಷನ್ ಕಾರ್ಡ್ ಅದೆ, ಆಧಾರ್ ಅದೆ, ಓಟಿನ್ ಕಾರ್ಡ್ ಅದೆ" ಅಂದಳು. "ಎಲ್ಲಾವೂ ನಾನು ಬದ್ಕಿವ್ನಿ ಅಂತ ಯೋಳ್ತವೆ. ಏನಾರ ಮಾಡ್ದೆ ಅಂತ ಒಂದೂ ಯೋಳಾಕಿಲ್ಲ."

ಹಾಗಾಗಿ ಪುರಸಭೆ ಕಚೇರಿಗೆ ಕರೆದುಕೊಂಡು ಹೋಗಿ ಜಾಥಾಕ್ಕೆ ಅವಳ ಹೆಸರು ಬರೆಸಿದೆ. ಗುಮಾಸ್ತರು ತಲೆ ಎತ್ತಿ ಅವ್ವನನ್ನೂ ನನ್ನನ್ನೂ ನೋಡಿ, "ಹೊಡಿಯೋರು ಯಾರು?" ಅಂತ ಕೇಳಿದರು.

"ನಾನೇಯ" ಅಂದಳು ಅವ್ವ.

ಎಂಟನೇ ಕ್ಲಾಸಿನಲ್ಲಿ ನನಗೆ ಸ್ಕೂಲಿನಿಂದ ಕೊಟ್ಟಿದ್ದ ಸೈಕಲ್ಲು ಹಿತ್ತಿಲ ಗೋಡೆಗೆ ಒರಗಿ ತುಕ್ಕು ಹಿಡಿದಿತ್ತು. ಟೈರು ಟ್ಯೂಬು ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟು, ಸೀಟನ್ನು ಪೂರ್ತಿ ಕೆಳಗಿಳಿಸಿದೆ. ನಾನು ಪಾಠ ಮಾಡುವ ಸ್ಕೂಲಿನಿಂದ ಬರುವ ಹೊತ್ತಿಗೆ ಅವಳೂ ಬ್ಯಾರನ್ನಿನಿಂದ ಬರುತ್ತಿದ್ದಳು. ಇಬ್ಬರೂ ಸೈಕಲ್ ತಳ್ಳಿಕೊಂಡು ಪುರಸಭೆ ಮೈದಾನಕ್ಕೆ ಹೋಗುತ್ತಿದ್ದೆವು. ಹೆಸರು ಕೊಟ್ಟ ಇನ್ನೂ ಕೆಲವು ಹೆಂಗಸರು ಅಲ್ಲಿಗೇ ಬರುತ್ತಿದ್ದರು. ಅವ್ವ ನಾಟಿಗೆ ಇಳಿಯುವವಳ ಹಾಗೆ ಸೀರೆ ಎತ್ತಿ ಕಟ್ಟಿ, ಚಪ್ಪಲಿಯನ್ನು ಮೈದಾನದ ಅಂಚಿನಲ್ಲಿ ಬಿಡುತ್ತಿದ್ದಳು. ಹತ್ತಿದ ಮೇಲೆ ಮುಂದಿನ ಚಕ್ರ ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ.

"ಮುಂದೆ ನೋಡವ್ವ."

"ಮುಂದೆ ಏನದೆ ನೋಡಾಕೆ? ಬೀಳೋದು ಇಲ್ಲೇ ತಾನೆ."

ನಾನು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದೆ. ಒಂದು ಸಂಜೆ ಅವಳು ಯಾರದೋ ಸೊಸೆಯ ವಿಚಾರ ಹೇಳಿಕೊಂಡು ತುಳಿಯುತ್ತಿದ್ದಾಗ ಮೆಲ್ಲಗೆ ಕೈ ಬಿಟ್ಟೆ. ಅವಳು ಹೇಳುತ್ತಲೇ ಹೋದಳು. ಹೂಂಗುಟ್ಟುವವರು ಇಲ್ಲ ಅಂತ ಗೊತ್ತಾದದ್ದು ಅರ್ಧ ಮೈದಾನ ದಾಟಿದ ಮೇಲೆ.

"ಲೇ, ಇದೀಯೇನೇ?"

"ಇಲ್ಲ ಕಣವ್ವ" ಅಂದೆ, ನಿಂತಲ್ಲಿಂದಲೇ.

"ಅಯ್ ನಿನ್ ಮನೆ ಕಾಯ್ವಾಗ" ಅಂದವಳು ಬೀಳಲಿಲ್ಲ. ನೆಟ್ಟಗೆ ಮೈದಾನದ ಆ ತುದಿಯ ಹೊಂಗೆ ಮರದ ಕಟ್ಟೆಗೆ ಹೋಗಿ, ಎಡಗಾಲನ್ನು ಕಲ್ಲಿನ ಮೇಲೆ ಊರಿ ನಿಂತಳು. ಅಲ್ಲಿ ಕೂತು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಅಪ್ಪ ಹೋದ ಮೇಲೆ ಅವಳು ಬೀದಿಯಲ್ಲಿ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಅವತ್ತಿನಿಂದ ಆ ಕಟ್ಟೆಯೇ ಅವಳಿಗೆ ರೂಢಿಯಾಯಿತು. ಹತ್ತುವುದೂ ಅಲ್ಲಿಂದಲೇ, ಇಳಿಯುವುದೂ ಅಲ್ಲೇ. ಎಷ್ಟು ಸುತ್ತು ಬೇಕಾದರೂ ಹೊಡೆಯುತ್ತಿದ್ದಳು, ನಿಲ್ಲಬೇಕು ಅಂದರೆ ಕಟ್ಟೆಗೇ ಬರಬೇಕಿತ್ತು. ಬ್ರೇಕ್ ಹಿಡಿದು ನೆಲಕ್ಕೆ ಕಾಲು ಕೊಡುವುದನ್ನು ಹೇಳಿಕೊಟ್ಟರೆ, "ನೆಲ ಬಾಳ ಕೆಳಗದೆ ಕಣ್ ಮಗ. ಕಟ್ಟೆ ಆದ್ರೆ ಕಾಲಿಗೆ ಸಿಕ್ತದೆ. ಇಳಿಯೋದ ಆಮೇಲೆ ಕಲೀತೀನಿ ಬುಡು" ಅನ್ನುತ್ತಿದ್ದಳು. ಜಾಥಾಕ್ಕೆ ಇನ್ನೂ ದಿನ ಇತ್ತು. ಇನ್ನೊಂದು ವಾರ ಅಲ್ಲೇ ಸುತ್ತಿದ್ದರೆ ಅದೂ ಬರುತ್ತಿತ್ತು ಅಂತ ನಾನು ಇವತ್ತಿಗೂ ನಂಬಿದ್ದೇನೆ.

ಒಂದು ದಿನ ಮೈದಾನದ ಕಾಂಪೌಂಡಿನ ಸಂದಿಯಲ್ಲಿ ಅತ್ತೆ ನಿಂತಿದ್ದಳು.

"ಏನತ್ತೆ ಇಲ್ಲಿ?"

"ಸೊಪ್ಪು ತಗಳಕ್ಕೆ ಬಂದೆ."

ಆ ಕಡೆ ಸೊಪ್ಪು ಮಾರುವವರು ಯಾವತ್ತೂ ಕೂತವರಲ್ಲ.

ಮಾರನೇ ವಾರ ನಾವು ಸೈಕಲ್ ತಳ್ಳಿಕೊಂಡು ಹೋದರೆ ಮೈದಾನದ ಸುತ್ತ ತಗಡು ನಿಂತಿತ್ತು. ಒಳಗೆ ಲಾರಿಯಿಂದ ಜೈಂಟ್ ವೀಲಿನ ಕಬ್ಬಿಣ ಇಳಿಸುತ್ತಿದ್ದರು. ಹೊಂಗೆ ಮರಕ್ಕೆ ಟಾರ್ಪಾಲಿನ ಹಗ್ಗ ಬಿಗಿದಿದ್ದರು, ಕಟ್ಟೆಯ ಮೇಲೆ ಯಾರದೋ ಪಾತ್ರೆ ಪಗಡೆ. ಗೇಟಿನಲ್ಲಿದ್ದವನು, "ಎಕ್ಸಿಬಿಶನ್ ಇನ್ನೂ ಶುರುವಾಗಿಲ್ಲ ಕಣಕ್ಕ, ಶುಕ್ರವಾರ ಬನ್ನಿ" ಅಂದ.

ನಾನು ಮಾರನೇ ದಿನವೇ ಕಚೇರಿಗೆ ಹೋದೆ. ಅವ್ವನ ಹೆಸರು ಬರೆದುಕೊಂಡಿದ್ದ ಗುಮಾಸ್ತರೇ ಇದ್ದರು.

"ಸರ್, ಜಾಥಾಕ್ಕೆ ಹೆಸರು ಕೊಟ್ಟವರೆಲ್ಲ ಆ ಮೈದಾನದಲ್ಲೇ ಕಲೀತಿದ್ದಾರೆ."

"ಜಾಥಾ ನಮ್ಮ ಟೇಬಲ್ಲು ಕಣಮ್ಮ. ಮೈದಾನದ ಬಾಡಿಗೆ ಆ ಕಡೆ ಟೇಬಲ್ಲು."

ಆ ಕಡೆ ಟೇಬಲ್ಲಿಗೆ ಹೋದೆ. ಅಲ್ಲಿದ್ದವರು ಕುರ್ಚಿ ಎಳೆದು ಕೂರಿಸಿ, ಸಮಾಧಾನವಾಗಿಯೇ ಹೇಳಿದರು. "ಸೈಕಲ್ ಹೊಡಿಯೋಕೆ ಅಂತ್ಲೇ ದಾರಿ ಮಾಡ್ಕೊಟ್ಟಿದೀವಲ್ಲಮ್ಮ. ಹಳದಿ ಗೆರೆ ಎಳೆದಾಯ್ತು. ಅಲ್ಲೇ ಕಲೀರಿ. ಮೈದಾನ ಯಾಕೆ?"

ಅವರು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು. ಓದಿದವಳು ಅನ್ನುವ ಜಂಬದಲ್ಲಿ ನಾನು ಅಲ್ಲೇ ಕೂತು ಒಂದು ಅರ್ಜಿ ಬರೆದೆ. ಸಂಜೆ ಸ್ವಲ್ಪ ಹೊತ್ತಾದರೂ ಮೈದಾನದ ಒಂದು ಮೂಲೆ ಬಿಟ್ಟುಕೊಡಿ ಅಂತ. ಸೀಲು ಹಾಕಿ ತೆಗೆದುಕೊಂಡರು. ಉತ್ತರ ಇನ್ನೂ ಬಂದಿಲ್ಲ.

ಅವ್ವನಿಗೆ ಹೇಳಿದೆ, "ಈ ಸಲ ಬ್ಯಾಡ ಬುಡವ್ವ. ಮುಂದಿನ ವರ್ಷ ಮಾಡಿದ್ರೆ ನೋಡನ."

"ನೀನು ಇಂಗ್ಲೀಷಲ್ಲಿ ಕುಂತೋದಾಗ ನಾನು ಬ್ಯಾಡ ಬುಡು ಅಂದಿದ್ನಾ?"

ನಾನು ಎದ್ದು ಹೋಗಿ ಸೈಕಲ್ಲಿನ ಗಾಳಿ ನೋಡಿದೆ.

ಮಾರನೇ ಬೆಳಿಗ್ಗೆ ವಾಹನ ಕಡಿಮೆ ಇರುವಾಗ ಹೊರಟೆವು. ನಮ್ಮ ಮನೆಯ ಜಗಲಿಯ ಮೇಲೆ ಕಾಲಿಟ್ಟು ಅವಳು ಹತ್ತಿದಳು. ನಾನು ಹಿಂದೆ ಅರ್ಧ ನಡಿಗೆ, ಅರ್ಧ ಓಟ. ಹಳದಿ ಗೆರೆ ಹೊಸದಾಗಿ ಹೊಳೆಯುತ್ತಿತ್ತು. ಇಡ್ಲಿ ಗಾಡಿಯವನು ಗೆರೆಯ ಒಳಗೇ ಒಲೆ ಹಚ್ಚಿದ್ದ. ಅವ್ವ ಬೆಲ್ ಹೊಡೆದು, ಅವನನ್ನು ಬಳಸಿಕೊಂಡು, ಮತ್ತೆ ಗೆರೆಯೊಳಗೆ ಬಂದಳು. ತಲೆ ಎತ್ತಿ ಮುಂದೆ ನೋಡುತ್ತಿದ್ದಳು. ಅವಳ ಬೆನ್ನು ಅಷ್ಟು ನೆಟ್ಟಗೆ ಇದ್ದದ್ದನ್ನು ನಾನು ಬ್ಯಾರನ್ನಿನಲ್ಲಿ ಕಂಡದ್ದೇ ಇಲ್ಲ.

ಬಸ್ ಸ್ಟ್ಯಾಂಡಿನ ತಿರುವು ದಾಟಿದ ಮೇಲೆ ಒಂದು ಟೆಂಪೋ ಗೆರೆಗೆ ಅಡ್ಡಲಾಗಿ ನಿಂತಿತ್ತು. ಅದರಲ್ಲಿ ಯಾರೂ ಇರಲಿಲ್ಲ. ಅವ್ವ ಬೆಲ್ ಹೊಡೆದೇ ಹೊಡೆದಳು. ಬಲಗಡೆ ಪಿರಿಯಾಪಟ್ಟಣದ ಬಸ್ಸು ಬರುತ್ತಿತ್ತು. ಬ್ರೇಕ್ ಹಿಡಿದಳು, ಸೈಕಲ್ ನಿಧಾನವೂ ಆಯಿತು. ನೆಲಕ್ಕೆ ಕಾಲು ಕೊಟ್ಟಿದ್ದರೆ ಅಷ್ಟೇ ಸಾಕಿತ್ತು. ಅವಳ ಎಡಗಾಲು ಗಾಳಿಯಲ್ಲಿ ಕಟ್ಟೆ ಹುಡುಕಿತು. ಪಕ್ಕದಲ್ಲಿ ಚರಂಡಿ, ಅದರ ಮೇಲೆ ಒಂದು ಚಪ್ಪಡಿ ಎದ್ದು ನಿಂತ ಹಾಗಿತ್ತು. ಅದರ ಮೇಲೆ ಊರಿದಳು. ಚಪ್ಪಡಿ ಮಗುಚಿತು. ಸೈಕಲ್ ಸಮೇತ ಅವಳು ಚರಂಡಿಗೆ ಬಿದ್ದಳು.

ನಾನು ಓಡಿ ಹೋದಾಗ, "ಮೊದ್ಲು ಸೈಕಲ್ ಎತ್ತು ಮಗ, ಜನ ನೋಡ್ತವ್ರೆ" ಅಂದಳು. ಅವಳ ಮೊಣಕಾಲು ತಿರುಗಿಕೊಂಡಿತ್ತು.

ಮೈಸೂರಿನಲ್ಲಿ ಆಪರೇಷನ್ ಆಯಿತು. ಒಳಗೆ ಪ್ಲೇಟು ಹಾಕಿದರು. ನಡೆಯಬಹುದು, ಆದರೆ ಮೊಣಕಾಲು ಮೊದಲಿನ ಹಾಗೆ ಮಡಿಸಲು ಬರುವುದಿಲ್ಲ ಅಂದರು.

ಜಾಥಾದ ದಿನ ಅವಳು ಮಂಚದ ಮೇಲಿದ್ದಳು. ಮೈಕಿನ ಸದ್ದು ಕೇಳಿದಾಗ ಮಂಚವನ್ನು ಬಾಗಿಲ ಕಡೆಗೆ ಎಳೆಸಿಕೊಂಡಳು. ಅಲ್ಲಿಂದಲೂ ರಸ್ತೆ ಕಾಣುತ್ತಿರಲಿಲ್ಲ. "ಯಾರ್ಯಾರು ಹೋದ್ರು ನೋಡಿ ಯೋಳತ್ಗೆ" ಅಂದಳು. ಅತ್ತೆ ಬೀದಿ ತುದಿ ಕಾಣುವ ಹಾಗೆ ಜಗಲಿ ಮೇಲೆ ನಿಂತುಕೊಂಡಳು.

"ಹಿಟ್ಟಿನ ಮಿಲ್ಲಿನೋಳು ಹೋದ್ಲು. ಅಂಗನವಾಡಿ ಟೀಚ್ರು ಹೋದ್ರು. ಅಗೋ, ಮೂಲೆಮನೆ ಸೊಸೆ. ಅವ್ಳ ಟೋಪಿ ಹಾರೋಯ್ತು."

"ಅವ್ಳಿಗೆ ಇಳಿಯಾಕೆ ಬತ್ತದಾ?"

"ಯಾರಿಗ್ ಗೊತ್ತು" ಅಂದಳು ಅತ್ತೆ.

ಅತ್ತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. "ನಾನು ಅವತ್ತೇ ಅಂದಿದ್ದೆ" ಅಂತ ಅವಳು ಒಂದು ಸಲವೂ ಅನ್ನಲಿಲ್ಲ. ಅವ್ವನಿಗೆ ನೀರು ಹಾಕಿದಳು, ಮುದ್ದೆ ಮುರಿದು ಕೊಟ್ಟಳು. ನೋಡಲು ಬಂದ ಒಬ್ಬಳು, "ಗಂಡ ಇಲ್ದೋಳಿಗೆ ಈ ವಯಸ್ಸಲ್ಲಿ ಸೈಕಲ್ ಬೇಕಿತ್ತಾ?" ಅಂದಾಗ ಅತ್ತೆ ಎದ್ದು ನಿಂತಳು. "ಒಡ್ದವ್ಳೆ ಕಣವ್ವ. ನಾನೇ ನಿಂತ್ಕಂಡು ನೋಡಿವ್ನಿ. ನಿಂಗೆ ಬಂದ್ರೆ ಒಡ್ದು ತೋರ್ಸು ಬಾ."

ಬ್ಯಾರನ್ನಿನ ಕೆಲಸ ಹೋಯಿತು. ಸೊಪ್ಪು ಕಟ್ಟುವುದಾಗಲಿ, ಬೇಯಿಸಿದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವುದಾಗಲಿ, ನೆಲದ ಮೇಲೆ ಕಾಲು ಮಡಚಿ ಕೂತು ಮಾಡುವ ಕೆಲಸ. ಅವಳಿಗೆ ಕೂರಲು ಆಗುವುದಿಲ್ಲ. ಸೀಸನ್ ಬಂದಾಗ ಹೆಂಗಸರು ಗುಂಪಾಗಿ ನಮ್ಮ ಮನೆ ಮುಂದೆಯೇ ಹೋಗುತ್ತಾರೆ, ಮೊದಲು ಇವಳನ್ನು ಕೂಗುತ್ತಿದ್ದರು, ಈಗ ಮಾತು ತಗ್ಗಿಸಿಕೊಂಡು ದಾಟುತ್ತಾರೆ. ಅವಳ ಕೈಯ ಕಪ್ಪು ತಾನಾಗಿಯೇ ಬಿಟ್ಟುಹೋಯಿತು. ಯಾರದೋ ಕೈಯ ಹಾಗೆ ಬೆಳ್ಳಗೆ, ಮೆತ್ತಗೆ ಆಗಿದೆ. ಮೈದಾನದಲ್ಲಿ ಎಕ್ಸಿಬಿಶನ್ ಮುಗಿದ ಮೇಲೆ ಫರ್ನಿಚರ್ ಮೇಳ ಬಂತು, ಆಮೇಲೆ ಮದುವೆಗಳ ಕಾರು. ತಗಡು ತೆಗೆಯಲೇ ಇಲ್ಲ. ಹಳದಿ ಗೆರೆಯ ಒಳಗೆ ಗೂಡ್ಸ್ ಆಟೋಗಳು ಸಾಲಾಗಿ ನಿಲ್ಲುತ್ತವೆ.

ಅವ್ವ ಕೋಲು ಹಿಡಿದು ಓಡಾಡಲು ಶುರು ಮಾಡಿದ ಮೇಲೆ ಪುರಸಭೆಯಿಂದ ನನಗೆ ಫೋನು ಬಂತು. ಸರ್ಟಿಫಿಕೇಟು ಉಳಿದಿದೆ, ಬಂದು ತಗೊಳ್ಳಿ ಅಂತ. ಹೋದೆ. ಅದೇ ಗುಮಾಸ್ತರು.

"ಅವರು ಜಾಥಾಕ್ಕೆ ಬರಲಿಲ್ಲ ಸರ್. ಕಾಲು ಮುರೀತು."

"ಗೊತ್ತಾಯ್ತು ಕಣಮ್ಮ, ಪಾಪ. ಹೆಸರು ಕೊಟ್ಟೋರ್ದೆಲ್ಲ ಮೊದಲೇ ಪ್ರಿಂಟ್ ಹಾಕಿಸ್ಬಿಟ್ಟಿದ್ವಿ. ತಗೊಂಡ್ ಹೋಗು. ಗೋಡೆಗೆ ಹಾಕ್ಲಿ, ಅವರಿಗೂ ಒಂದು ಖುಷಿ. ಯಾರು ಕೇಳ್ತಾರೆ?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ದಪ್ಪ ಕಾಗದ, ಸುತ್ತ ಚಿನ್ನದ ಬಣ್ಣದ ಅಂಚು, ಕೆಳಗೆ ಸಹಿ, ಮೊಹರು. ನನ್ನ ಡಿಗ್ರಿಯದಕ್ಕಿಂತ ಚೆನ್ನಾಗಿತ್ತು. ದಾರಿಯುದ್ದಕ್ಕೂ ಒಂದೇ ಯೋಚನೆ. ಅವಳಿಗೆ ಓದಲು ಬರುವುದಿಲ್ಲ. ಹೆಸರು ಓದಿ ನಿಲ್ಲಿಸಿದರೆ ಮುಗಿಯಿತು. ಹೆಸರು ಕೊಟ್ಟಿದ್ದಕ್ಕೆ ಕೊಟ್ಟಿದ್ದಾರೆ ಅಂದರೆ ಮುಗಿಯಿತು.

ಅವ್ವ ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡು, "ಓದು" ಅಂದಳು.

ನನಗೆ ಸುಳ್ಳು ಬರಲಿಲ್ಲ. ಮಹಿಳೆಯರ ಸೈಕಲ್ ಜಾಥಾದಲ್ಲಿ ಭಾಗವಹಿಸಿ ಯಶಸ್ವಿಯಾಗಿ ಪೂರ್ಣಗೊಳಿಸಿದ್ದಾರೆ ಅನ್ನುವವರೆಗೂ ಓದಿದೆ.

"ಪೂರ್ಣ ಅಂದ್ರೆ ಕಡೇಗಂಟ?"

"ಹೂಂ ಕಣವ್ವ."

"ನನ್ನ ಹೆಸ್ರು ಎಲ್ಲಿಂದ ಎಲ್ಲೀಗಂಟ ಅದೆ, ತೋರ್ಸು."

ತೋರಿಸಿದೆ. ಅದರ ಮೇಲೆ ಬೆರಳಿಟ್ಟು, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಎಳೆದಳು. ಆಮೇಲೆ ಮಡಿಕೆ ಬೀಳದ ಹಾಗೆ ನನ್ನ ಕೈಗೆ ವಾಪಸ್ ಕೊಟ್ಟಳು.

"ನಾಳೀಕೆ ಸ್ಕೂಲಿಗೆ ಹೋಗೋವಾಗ ಕೊಟ್ಬುಟ್ಟು ಹೋಗು ಮಗ. ನಾನು ಹೋದದ್ದು ಆ ಟೆಂಪೋಗಂಟ ಅಷ್ಟೆಯ."