ಎತ್ತದ ಕರೆಗಳ ಪಟ್ಟಿ

ಪಂಪ್‌ಸೆಟ್ ಮಾರುವ, ರಿಪೇರಿ ಮಾಡಿಕೊಡುವ ಕಂಪನಿಯೊಂದರಲ್ಲಿ ಫೋನು ನೋಡಿಕೊಳ್ಳುವವನು ನಾನು. ಮುಖ್ಯ ಕಚೇರಿ ಕೊಪ್ಪಳದಲ್ಲಿದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಶಾಖೆಗಳಿವೆ. ನಾಲ್ಕೂ ಕಡೆಯ ಫೋನುಗಳು ಇಂಟರ್ನೆಟ್ ಮೇಲೆ ನಡೆಯುತ್ತವೆ. ಯಾವುದು ಸುಮ್ಮನಾದರೂ ನನಗೆ ಕರೆ ಬರುತ್ತದೆ. ಹೋಗಿ ನೋಡಿದರೆ ಬಹಳ ಸಲ ಕೆಟ್ಟಿರುವುದು ಫೋನಲ್ಲ. ಕುಷ್ಟಗಿಯಲ್ಲಿ ಕಸ ಗುಡಿಸುವಾಗ ವೈರು ಕಿತ್ತು ಬಂದಿರುತ್ತದೆ. ಯಲಬುರ್ಗಾದಲ್ಲಿ ಇಂಟರ್ನೆಟ್ ಪೆಟ್ಟಿಗೆಯ ಪ್ಲಗ್ಗು ತೆಗೆದು ಯಾರೋ ತಮ್ಮ ಮೊಬೈಲ್ ಚಾರ್ಜಿಗೆ ಹಾಕಿರುತ್ತಾರೆ. ಗಂಗಾವತಿಯಲ್ಲಿ ಪಕ್ಕದ ಅಕ್ಕಿ ಗಿರಣಿಯ ಹೊಟ್ಟಿನ ಧೂಳು ಒಳಗೆ ಹೊಕ್ಕು ಕೂತಿರುತ್ತದೆ. ಸರಿಮಾಡಿ, ಬೈದು, ಚಹಾ ಕುಡಿದು ಬರುತ್ತಿದ್ದೆ. ಬೈಯುವುದಕ್ಕೂ ಸೇರಿಸಿಯೇ ಸಂಬಳ ಕೊಡುತ್ತಾರೆ ಅಂದುಕೊಂಡಿದ್ದೆ. ಬೇರೆಯವರ ತಪ್ಪು ಹುಡುಕುವುದರಲ್ಲಿ ನನ್ನದು ಎತ್ತಿದ ಕೈ.

ಕೊಪ್ಪಳದ ಕಚೇರಿಯಲ್ಲಿ ಬಾಗಿಲ ಹತ್ತಿರದ ಮೇಜಿಗೆ ಕೂತು ಹೊರಗಿನ ಕರೆಗಳನ್ನೆಲ್ಲ ಎತ್ತುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಣ್ಣುಮಗಳು. ಮನೆ ಅಲ್ಲೇ ಭಾಗ್ಯನಗರದಲ್ಲಿ. ಅವರನ್ನು ನಾವೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. ನನಗೆ ಅವರು ತಮ್ಮಾ ಎನ್ನುತ್ತಿದ್ದರು. ನಾನು ಕೆಲಸಕ್ಕೆ ಸೇರುವುದಕ್ಕೂ ಎಷ್ಟೋ ಮೊದಲಿನಿಂದ ಆ ಕುರ್ಚಿ ಅವರದು. ದನಿಯ ಮೇಲೆಯೇ ಊರು, ಹೊಲ, ಯಾವ ಪಂಪು ಎಂದು ಹೇಳುವಷ್ಟು ಅವರಿಗೆ ಗಿರಾಕಿಗಳ ಗುರುತಿತ್ತು. ಫೋನನ್ನು ಮೂರನೇ ರಿಂಗಿನವರೆಗೆ ಬಿಟ್ಟವಳಲ್ಲ ನಾನು ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಅದೊಂದು ಹೆಸರು ಅವರಿಗಿತ್ತು, ಅದನ್ನು ಅವರು ಜೋಪಾನವಾಗಿ ಕಾಯ್ದುಕೊಂಡಿದ್ದರು.

ನಮ್ಮ ಕಡೆಯ ಇನ್ನೊಂದು ಚಟ ಹೇಳಬೇಕು. ಜನ ಮಿಸ್‌ಕಾಲ್ ಕೊಡುತ್ತಾರೆ. ಈಗ ಕರೆಗೆ ಬೇರೆ ದುಡ್ಡು ಬೀಳುವುದಿಲ್ಲ, ಆದರೂ ಹಳಬರ ಕೈಗೆ ಹತ್ತಿದ ರೂಢಿ ಹೋಗಿಲ್ಲ. ಒಂದು ರಿಂಗು ಕೊಟ್ಟು ಇಟ್ಟುಬಿಡುತ್ತಾರೆ, ಬೇಕಾದರೆ ನೀನೇ ಮಾಡು ಅನ್ನುವ ಗತ್ತು. ಆಪಾ ಅಂಥವರಿಗೆಲ್ಲ ತಿರುಗಿ ಮಾಡುತ್ತಿದ್ದರು. ಮಾಡಿ, ಮೋಟಾರು ಸುಟ್ಟಿತೇ, ನೀರು ಎತ್ತುತ್ತಿಲ್ಲವೇ ಎಂದು ತಾವಾಗಿ ಕೇಳುತ್ತಿದ್ದರು. ನಾನು ಮಾತ್ರ ಗುರುತಿಲ್ಲದ ನಂಬರಿನ ಮಿಸ್‌ಕಾಲ್‌ಗೆ ಜನ್ಮದಲ್ಲಿ ತಿರುಗಿ ಮಾಡಿದವನಲ್ಲ. ಬೆರಳಿನಿಂದ ಸರಿಸಿ ಅಳಿಸುತ್ತಿದ್ದೆ.

ಹಳೆಯ ಟೆಲಿಫೋನ್ ಬೋರ್ಡು ತೆಗೆದು ಹೊಸ ಫೋನುಗಳನ್ನು ಹಾಕಿದವನು ನಾನೇ. ಪ್ರತಿ ಮೇಜಿಗೂ ಒಂದು ನಂಬರು, ಒಂದು ಪಾಸ್‌ವರ್ಡು. ಆಪಾನ ಮೇಜಿನದು ನೂರಾ ಒಂದು. ಪರೀಕ್ಷೆ ಮಾಡಲು ಪ್ರತಿ ಸಲ ಮೇಲಿನ ನನ್ನ ಕೋಣೆಯಿಂದ ಇಳಿದು ಅವರ ಮೇಜಿಗೆ ಬರಬೇಕಿತ್ತು. ಬೇಸರವಾಯಿತು. ನನ್ನ ಮೊಬೈಲಿನಲ್ಲಿ ಒಂದು ಆ್ಯಪ್ ಇಳಿಸಿ, ಅವರದೇ ನಂಬರು, ಅವರದೇ ಪಾಸ್‌ವರ್ಡು ಹಾಕಿ, ಕುಳಿತಲ್ಲೇ ಪರೀಕ್ಷೆ ಮುಗಿಸಿದೆ. ಆಮೇಲೆ ಅದನ್ನು ತೆಗೆಯಬೇಕಿತ್ತು, ತೆಗೆಯಲಿಲ್ಲ. ಹತ್ತು ಹದಿನೈದು ಮೆಟ್ಟಿಲಿನ ಸೋಮಾರಿತನ, ಅಷ್ಟೇ.

ಒಂದೆರಡು ತಿಂಗಳಿಗೆ ದೂರುಗಳು ಶುರುವಾದವು. ಕೊಪ್ಪಳದ ಕಚೇರಿಯಲ್ಲಿ ಫೋನ್ ಎತ್ತುವುದಿಲ್ಲ ಎಂದು. ಯಲಬುರ್ಗಾ ಕಡೆಯ ದಾಳಿಂಬೆ ತೋಟದವರೊಬ್ಬರು ನಾಲ್ಕು ಸಲ ಮಾಡಿ ಸೋತು, ಸುಟ್ಟ ಮೋಟಾರನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದು ನಮ್ಮ ಬಾಗಿಲಲ್ಲೇ ಇಳಿಸಿದರು. ಈ ಆಫೀಸಿನಲ್ಲಿ ಮನುಷ್ಯರು ಇದ್ದಾರೋ ಇಲ್ಲವೋ ಎಂದು ಮ್ಯಾನೇಜರ್ ಸಾಹೇಬರ ಮುಂದೆ ನಿಂತು ಕೇಳಿದರು. ಸಾಹೇಬರು ನನ್ನನ್ನು ಕರೆದರು. ನಾನು ನನ್ನ ಮೇಜಿನಿಂದ ನೂರಾ ಒಂದಕ್ಕೆ ಫೋನ್ ಮಾಡಿದೆ; ಎರಡನೇ ರಿಂಗಿಗೆ ಆಪಾ ಎತ್ತಿದರು. ಐದು ಸಲ ಮಾಡಿದೆ, ಐದು ಸಲವೂ ಎತ್ತಿದರು. ಫೋನು ಸರಿಯಾಗಿದೆ ಎಂದು ವರದಿ ಕೊಟ್ಟೆ. ಫೋನು ಸರಿ ಅಂದಮೇಲೆ ತಪ್ಪು ಯಾರದು ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

ಆದರೂ ಹೇಳಿದೆ. ಸೋಮವಾರ ಬೆಳಿಗ್ಗೆ ನಾಲ್ಕೂ ಶಾಖೆಯವರು ಸೇರುವ ಮೀಟಿಂಗ್ ಇರುತ್ತದೆ. ಸಿಸ್ಟಮ್‌ನಿಂದ ಲಾಗ್, ಅಂದರೆ ಕರೆಗಳ ಪಟ್ಟಿ ತೆಗೆದು, ನೂರಾ ಒಂದಕ್ಕೆ ಬಂದು ಎತ್ತದೆ ಹೋದವುಗಳಿಗೆ ಕೆಂಪು ಬಣ್ಣ ಹಚ್ಚಿ, ಪ್ರಿಂಟ್ ಹಾಕಿ, ಎಲ್ಲರ ಕೈಗೂ ಒಂದೊಂದು ಪ್ರತಿ ಕೊಟ್ಟೆ. ಆ ಪಟ್ಟಿಯಲ್ಲಿ ಇನ್ನೊಂದು ಕಾಲಂ ಇತ್ತು. ಕರೆ ಯಾವ ಉಪಕರಣಕ್ಕೆ ಹೋಯಿತು ಎಂದು ತೋರಿಸುವ ಕಾಲಂ. ಹಾಳೆಯ ಅಗಲ ಸಾಲದೆಂದು ಅದನ್ನು ಕೈಯಾರೆ ಅಳಿಸಿದ್ದೆ.

ಆಪಾನನ್ನು ಒಳಗೆ ಕರೆಸಿದರು. ಅವರು ಹಾಳೆಯನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಆಮೇಲೆ ಸಾಹೇಬರನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಫೋನ್ ಬಡಕೊಂಡ್ರ ನಾ ಎತ್ತದ ಬಿಡ್ತೀನೇನ್ ತಮ್ಮಾ? ಇವ್ಯಾವೂ ಬಡಕೊಂಡಿಲ್ಲ."

"ಲಾಗ್ ಸುಳ್ಳ ಹೇಳಂಗಿಲ್ಲ ಆಪಾ," ಎಂದೆ. ಇಬ್ಬರು ನಕ್ಕರು. ನನಗೆ ಆಗ ಖುಷಿಯಾಗಿತ್ತು, ಅದನ್ನು ಈಗ ಮುಚ್ಚಿಟ್ಟು ಏನು ಮಾಡಲಿ.

ವಾರದೊಳಗೆ ಅವರನ್ನು ಗಂಗಾವತಿ ಶಾಖೆಯ ಬಿಡಿಭಾಗಗಳ ಕೌಂಟರಿಗೆ ಹಾಕಿದರು. ಮನೆಯಿಂದ ನಡೆದು ಬರುತ್ತಿದ್ದವರು ಬಸ್ ಸ್ಟ್ಯಾಂಡಿಗೆ ಆಟೋ, ಅಲ್ಲಿಂದ ಗಿಣಿಗೇರಾ ದಾಟಿ ಗಂಗಾವತಿವರೆಗೆ ಬಸ್ಸು ಹಿಡಿಯಬೇಕಾಯಿತು. ಮೊಣಕಾಲು ನೋವು ಬೇರೆ. ಆದರೆ ಹೋಗುವ ದಿನ ಅವರು ಬಸ್ಸಿನ ಮಾತೂ ಆಡಲಿಲ್ಲ, ಕಾಲಿನ ಮಾತೂ ಆಡಲಿಲ್ಲ. ಇವ್ಯಾವೂ ಬಡಕೊಂಡಿಲ್ಲ ಎಂಬ ಅದೊಂದೇ ಮಾತನ್ನು ಕಸ ಗುಡಿಸುವವರಿಂದ ಹಿಡಿದು ಕ್ಯಾಷಿಯರ್‌ವರೆಗೆ ಎಲ್ಲರಿಗೂ ಹೇಳಿ ಹೋದರು. ಅವರ ಬೆನ್ನ ಹಿಂದೆ ಜನ ಪಾಪ, ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದರು. ಕಿವಿಯ ಮಾತು ಮೊದಲು ತೆಗೆದವನು ನಾನೇ ಇರಬೇಕು.

ಇದಾಗಿ ಎರಡು ವಾರಕ್ಕೆ ಯಲಬುರ್ಗಾ ಶಾಖೆಗೆ ಹೋಗಿದ್ದೆ. ಅಲ್ಲಿನ ಕ್ಲರ್ಕು ಕೊಪ್ಪಳಕ್ಕೆ ಹೊಸದಾಗಿ ಬಂದು ಕೂತ ಹುಡುಗಿಯೂ ಫೋನ್ ಎತ್ತುವುದಿಲ್ಲ ಎಂದು ಗೊಣಗಿದರು. ನಾನು ನಂಬಲಿಲ್ಲ. ಹಾಗಾದರೆ ನೋಡಿ ಎಂದು ನನ್ನ ಎದುರಿಗೇ ನೂರಾ ಒಂದನ್ನು ಒತ್ತಿ ಸ್ಪೀಕರ್ ಹಾಕಿದರು. ರಿಂಗ್ ಆಗತೊಡಗಿತು. ಅದೇ ಹೊತ್ತಿಗೆ ನನ್ನ ಅಂಗಿಯ ಜೇಬಿನಲ್ಲಿ ಮೊಬೈಲು ನಡುಗಿತು.

ತೆಗೆದು ನೋಡಿದೆ. ಕರೆಯುತ್ತಿದ್ದದ್ದು ಯಲಬುರ್ಗಾ ಶಾಖೆ. ಒಂದೇ ನಂಬರಿನಲ್ಲಿ ಎರಡು ಕಡೆ ಲಾಗಿನ್ ಆಗಿದ್ದರೆ ನಮ್ಮ ಸಿಸ್ಟಮ್ ಕೊನೆಗೆ ಲಾಗಿನ್ ಆದ ಕಡೆಗೆ ಮಾತ್ರ ಕರೆ ಕಳಿಸುತ್ತದೆ. ಕಚೇರಿಯ ವೈಫೈನಲ್ಲಿ, ನಾನಾಗಿ ತೆರೆಯದಿದ್ದರೆ, ಆ ಆ್ಯಪ್ ಮಲಗಿರುತ್ತಿತ್ತು. ನಾನು ಊರು ಬಿಟ್ಟು ಮೊಬೈಲ್ ಡೇಟಾಕ್ಕೆ ಬಂದ ಕೂಡಲೇ ತಾನಾಗಿ ಎದ್ದು ಆಪಾನ ಕರೆಗಳನ್ನೆಲ್ಲ ನನ್ನ ಜೇಬಿಗೆ ಎಳೆದುಕೊಳ್ಳುತ್ತಿತ್ತು. ಅದಕ್ಕೇ ನಾನು ಕೊಪ್ಪಳದಲ್ಲಿ ಕೂತು ಪರೀಕ್ಷೆ ಮಾಡಿದಾಗೆಲ್ಲ ಫೋನು ಸರಿಯಾಗಿರುತ್ತಿತ್ತು. ಬಸ್ಸಿನ ಕುಲುಕಾಟದಲ್ಲಿ ಆ ನಡುಕ ನನಗೆ ತಿಳಿದಿರಲಿಲ್ಲ. ಇಳಿದು ನೋಡಿದಾಗ ನನ್ನ ಸ್ವಂತ ಕರೆಗಳ ಜೊತೆ ಬೆರೆತು ಕಂಡ ಮಿಸ್‌ಕಾಲ್‌ಗಳನ್ನು ಬಿಟ್ಟಿ ಜನ ಎಂದು ಬೈದು ಅಳಿಸಿದ್ದೆ. ಅದರಲ್ಲಿ ಒಂದಕ್ಕೆ, ಒಂದೇ ಒಂದಕ್ಕೆ ತಿರುಗಿ ಫೋನ್ ಮಾಡಿದ್ದರೂ ಸಾಕಿತ್ತು.

ಯಾರದು, ಎತ್ತಿ ಎಂದರು ಕ್ಲರ್ಕು.

"ಮನಿಯಿಂದ ಬಿಡ್ರಿ," ಎಂದು ಕರೆ ಕತ್ತರಿಸಿದೆ. ಸ್ಪೀಕರಿನಲ್ಲಿ ರಿಂಗು ನಿಂತಿತು. ನೋಡಿದಿರಾ, ಎತ್ತದೆ ಕಟ್ ಮಾಡಿದಳು ಎಂದು ಕ್ಲರ್ಕು ಆ ಹುಡುಗಿಯನ್ನು ಬೈದರು. ನಾನು ಶಾಖೆಯ ಹಿಂದಿನ ಬೇವಿನ ಮರದ ಕೆಳಗೆ ಹೋಗಿ ನಿಂತು ಆ್ಯಪ್ ತೆಗೆದುಹಾಕಿದೆ. ಅರ್ಧ ನಿಮಿಷದ ಕೆಲಸ.

ಅಂದಿನಿಂದ ಒಂದು ದೂರೂ ಬರಲಿಲ್ಲ. ಮಾತಾಡದೆ ಇದ್ದುಬಿಡಬಹುದಿತ್ತು, ಇದ್ದೂ ಇದ್ದೆ, ಹತ್ತು ದಿನ. ಆದರೆ ಬಾಗಿಲ ಹತ್ತಿರದ ಆ ಮೇಜು ದಾಟುವಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದೆ. ಕೊನೆಗೆ ಏನೋ ವೈರಿನ ನೆಪ ಮಾಡಿ ಗಂಗಾವತಿಗೆ ಹೋದೆ.

ಆಪಾ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕೂತು ವಾಷರುಗಳನ್ನು ಅಳತೆ ಪ್ರಕಾರ ಬೇರೆ ಬೇರೆ ಡಬ್ಬಿಗೆ ಹಾಕುತ್ತಿದ್ದರು. ಅವರ ಮುಂದೆ ಫೋನು ಇರಲಿಲ್ಲ. ಬರ್ರಿ ಸರ್ರ ಎಂದರು. ತಮ್ಮಾ ಎನ್ನುತ್ತಿದ್ದ ಬಾಯಿಂದ ಅದನ್ನು ಕೇಳಿ ಅಲ್ಲಿಂದಲೇ ತಿರುಗಿ ಹೋಗಬೇಕೆನಿಸಿತು. ನಿಂತೇ ಎಲ್ಲ ಹೇಳಿದೆ. ಆ್ಯಪ್, ಜೇಬು, ಅಳಿಸಿದ ಮಿಸ್‌ಕಾಲ್, ಅಳಿಸಿದ ಕಾಲಂ, ಯಾವುದನ್ನೂ ಬಿಡಲಿಲ್ಲ. ನಡುವೆ ಒಬ್ಬರು ಬಂದು ಫುಟ್‌ವಾಲ್ವ್ ಕೇಳಿದರು. ಆಪಾ ಎದ್ದು, ಕಪಾಟಿನಿಂದ ತೆಗೆದು, ಒರೆಸಿ ಕೊಟ್ಟು, ಮತ್ತೆ ಬಂದು ಕೂತರು. ನಾನು ಮುಗಿಸಿ, ತಪ್ಪಾಯಿತು ಎಂದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ನಾನು ಹೋದದ್ದೂ ಅದಕ್ಕೇ ಇರಬೇಕು.

"ಫೋನ್ ಬಡಕೊಂಡಿಲ್ಲ ಅನ್ನೂದು ನನಗ ಆವತ್ತ ಗೊತ್ತಿತ್ರಿ ಸರ್ರ," ಎಂದರು. "ನನಗ್ಯಾಕ ಹೇಳ್ತೀರಿ? ಅವತ್ತ ಅಲ್ಲಿ ಕುಂತಿದ್ರಲ್ಲ, ಅವ್ರಿಗೆ ಹೇಳ್ರಿ."

ಹೇಳುತ್ತೇನೆ ಎಂದೆ. ಅವರು ವಾಷರುಗಳ ಕಡೆ ತಿರುಗಿದರು.

ಹೇಳಬೇಕೆಂದೇ ಹೊರಟೆ, ಇದು ನಿಜ. ಬರುವಾಗ ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡೆ. ಸೋಮವಾರದ ಮೀಟಿಂಗಿಗೆ ಆ ಹಳೆಯ ಪಟ್ಟಿಯನ್ನು, ಈ ಸಲ ಎಲ್ಲ ಕಾಲಂಗಳ ಸಮೇತ, ದೊಡ್ಡ ಹಾಳೆಯಲ್ಲಿ ಪ್ರಿಂಟ್ ಹಾಕಿ ಫೈಲಿನಲ್ಲಿಟ್ಟುಕೊಂಡು ಹೋದೆ. ನಾಲ್ಕೂ ಶಾಖೆಯವರು ಕೂತಿದ್ದರು. ಅವತ್ತು ನಕ್ಕ ಇಬ್ಬರೂ ಇದ್ದರು. ಫೋನಿನ ವಿಷಯ ಬರುವ ಹೊತ್ತಿಗೆ ನಾನು ಫೈಲಿನ ದಾರ ಬಿಚ್ಚಿ ಎದ್ದು ನಿಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ನನ್ನ ಬೆನ್ನು ತಟ್ಟಿ, ಎಲ್ಲರ ಕಡೆ ನೋಡಿ ನಗುತ್ತ ಅಂದರು.

"ಆಪಾನ್ನ ತಗದ ಮ್ಯಾಲ ಫೋನ್ ಛಲೋ ನಡದಾವು ನೋಡ್ರಿ. ಇಂವ ಪಟ್ಟಿ ತಗದಿದ್ದಕ್ಕ ಗೊತ್ತಾತು. ಹೌದಲ್ಲೋ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಾಳೆ ಕೈಯಲ್ಲಿತ್ತು.

"ಹೌದ್ರಿ ಸರ್," ಎಂದು ಕೂತೆ.

ಆಪಾ ಈಗಲೂ ದಿನಾ ಬೆಳಿಗ್ಗೆ ಗಂಗಾವತಿಯ ಬಸ್ಸು ಹತ್ತುತ್ತಾರೆ.